ಟಿಕಾಲನ್ನು ಕೊನೆಗಿಡಿ: ಗ್ವಾಟೆಮಾಲಾ ನೋಡುವ ಒಂದು ಕ್ರಮ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಪ್ರವಾಸದ ಕರಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿತ್ರದಿಂದ ಆರಂಭವಾಗುತ್ತವೆ. ಕಾಡಿನ ಹಸಿರಿನ ನಡುವಿನಿಂದ ಮೇಲೆದ್ದ ಟಿಕಾಲಿನ ಕಲ್ಲಿನ ಗುಡಿಗಳು, ಅವುಗಳ ಕೆಳಗೆ ಕಣ್ಮರೆಯಾದ ಮಾಯಾ ನಾಗರಿಕತೆಯನ್ನು ನೋಡಬನ್ನಿ ಎಂಬರ್ಥದ ಒಂದು ಸಾಲು. ನನ್ನ ತಕರಾರು ಇರುವುದು ಆ ಸಾಲಿನ ಮೇಲೆ. 2018ರ ಜನಗಣತಿಯಲ್ಲಿ ಆ ದೇಶದ ಸುಮಾರು 1.49 ಕೋಟಿ ಜನರ ಪೈಕಿ ಶೇಕಡಾ 41ಕ್ಕೂ ಹೆಚ್ಚು ಮಂದಿ ತಾವು ಮಾಯಾ ಜನಾಂಗದವರೆಂದು ಬರೆಸಿದ್ದಾರೆ. ಕರ್ನಾಟಕದ ವಿಸ್ತೀರ್ಣದ ಅರ್ಧಕ್ಕಿಂತ ತುಸು ಹೆಚ್ಚಿರುವ ಆ ನಾಡಿನಲ್ಲಿ ಇಂದಿಗೂ 22 ಮಾಯಾ ಭಾಷೆಗಳನ್ನು ಆಡುತ್ತಾರೆ. ಸಂತೆಗೆ ಬರುವ, ಬಟ್ಟೆ ನೇಯುವ, ಮತ ಹಾಕುವ, ಮೊಕದ್ದಮೆ ಹೂಡುವ ಅಷ್ಟು ದೊಡ್ಡ ಜನಸಮೂಹವನ್ನು ಕಣ್ಮರೆಯಾದವರ ಪಟ್ಟಿಗೆ ಸೇರಿಸಿಬಿಡುವುದು ಹೇಗೆ ಸರಿಯಾದೀತು?

ಈ ತಪ್ಪು ಎಣಿಕೆಗೆ ಪ್ರವಾಸದ ಕ್ರಮವೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಹೊರಗಿನಿಂದ ಬಂದವರು ವಿಮಾನ ಇಳಿದವರೇ ಇನ್ನೊಂದು ವಿಮಾನ ಹತ್ತಿ ಉತ್ತರದ ಪೆತೆನ್ ಕಾಡಿಗೆ ಹೋಗಿ ಟಿಕಾಲ್ ನೋಡುತ್ತಾರೆ. ಪಾಳುಬಿದ್ದ ನಗರದ ಚಿತ್ರ ಮನಸ್ಸಿನಲ್ಲಿ ಮೊದಲೇ ಕೂತುಬಿಡುವುದರಿಂದ, ಅನಂತರ ಬೆಟ್ಟದ ಮೇಲಿನ ಊರುಗಳಲ್ಲಿ ಕಾಣುವ ಜನರು ಆ ನಗರಕ್ಕೆ ಸಂಬಂಧವಿಲ್ಲದ, ಬಣ್ಣಬಣ್ಣದ ಬಟ್ಟೆ ತೊಟ್ಟ ಬೇರೆ ಯಾರೋ ಎನ್ನುವಂತೆ ತೋರುತ್ತಾರೆ. ಆದ್ದರಿಂದ ಇಂದು ನಾನು ಸ್ಥಳಗಳನ್ನು ತಿರುವುಮುರುವಾದ ಕ್ರಮದಲ್ಲಿ ವಿವರಿಸುತ್ತೇನೆ. ಮೊದಲು ಈಗ ಬಾಳುತ್ತಿರುವವರ ಊರುಗಳು, ಆಮೇಲೆ ಅವರ ಹಿರಿಯರು ನಿಲ್ಲಿಸಿದ ಕಲ್ಲುಗಳು.

ರಾಜಧಾನಿಯಾದ ಗ್ವಾಟೆಮಾಲಾ ನಗರದಲ್ಲಿ ಹೆಚ್ಚು ದಿನ ಕಳೆಯಬೇಕಾಗಿಲ್ಲ, ಆದರೆ ಎರಡು ಕಡೆ ತಪ್ಪದೆ ಹೋಗಬೇಕು. ಮೊದಲನೆಯದು ನಗರದ ಉತ್ತರ ಭಾಗದ ಉದ್ಯಾನದಲ್ಲಿರುವ ಉಬ್ಬುನಕ್ಷೆ. ಎಂಜಿನಿಯರ್ ಫ್ರಾನ್ಸಿಸ್ಕೊ ವೇಲಾ ಅವರ ನೇತೃತ್ವದಲ್ಲಿ 1905ರಲ್ಲಿ ಸಿದ್ಧವಾದ ಈ ನಕ್ಷೆ ಇಡೀ ದೇಶವನ್ನು ಬಯಲಿನಲ್ಲಿ ಹಾಸಿ ತೋರಿಸುತ್ತದೆ. ಉದ್ದಗಲವನ್ನು 10,000ದಲ್ಲಿ ಒಂದು ಪಾಲಿಗೂ ಎತ್ತರವನ್ನು 2,000ದಲ್ಲಿ ಒಂದು ಪಾಲಿಗೂ ಇಳಿಸಿರುವುದರಿಂದ ಬೆಟ್ಟಗಳು ಇರುವುದಕ್ಕಿಂತ ಐದು ಪಟ್ಟು ಕಡಿದಾಗಿ ಕಾಣುತ್ತವೆ. ವಿಮಾನದಿಂದ ಭೂಮಾಪನ ಮಾಡುವ ಪದ್ಧತಿ ಬಳಕೆಗೆ ಬರುವ ಮೊದಲೇ ತಯಾರಾದ ನಕ್ಷೆ ಇದು ಎಂಬುದನ್ನು ನೆನಪಿನಲ್ಲಿಟ್ಟು ನೋಡಿ. ಪಕ್ಕದ ಅಟ್ಟಣಿಗೆ ಹತ್ತಿ ನಿಂತರೆ ಎರಡು ಗ್ವಾಟೆಮಾಲಾಗಳು ಒಂದೇ ನೋಟಕ್ಕೆ ಸಿಗುತ್ತವೆ. ದಕ್ಷಿಣದಲ್ಲಿ ಜ್ವಾಲಾಮುಖಿಗಳ ಸಾಲು ಮತ್ತು ಅದಕ್ಕೆ ಹೊಂದಿಕೊಂಡ ಎತ್ತರದ ಸೀಮೆ, ಉತ್ತರದಲ್ಲಿ ಚಪ್ಪಟೆಯಾದ ಪೆತೆನ್. ಇಂದಿನ ಮಾಯಾ ಜನರಲ್ಲಿ ಬಹುಸಂಖ್ಯಾತರು ಇರುವುದು ಎತ್ತರದ ಸೀಮೆಯಲ್ಲಿ. ಪುರಾತನ ಮಹಾನಗರಗಳಲ್ಲಿ ಹೆಸರಾದವು ಎದ್ದು ನಿಂತದ್ದು ಪೆತೆನಿನಲ್ಲಿ. ಈ ಭೂಗೋಳ ತಲೆಯಲ್ಲಿದ್ದರೆ ಮುಂದಿನ ಪ್ರಯಾಣದ ಅರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ.

ಎರಡನೆಯದು ಇಶ್‌ಚೆಲ್ ವಸ್ತ್ರ ಸಂಗ್ರಹಾಲಯ. ಹೆಂಗಸರು ತೊಡುವ ವಿಪಿಲ್ ಎಂಬ ಮೇಲಂಗಿಗಳನ್ನು ಅಲ್ಲಿ ಊರೂರಿನ ಪ್ರಕಾರ ಜೋಡಿಸಿಟ್ಟಿದ್ದಾರೆ. ಒಂದು ಊರಿನ ವಿಪಿಲ್ ಇನ್ನೊಂದು ಊರಿನದರಂತೆ ಇರುವುದಿಲ್ಲ, ಆದ್ದರಿಂದ ಬಲ್ಲವರು ಬಟ್ಟೆ ನೋಡಿಯೇ ತೊಟ್ಟವರ ಊರು ಹೇಳುತ್ತಾರೆ. ಸಂತೆಗೆ ಹೋಗುವ ಮೊದಲು ಇದನ್ನು ನೋಡಿಕೊಂಡರೆ ಕಣ್ಣು ಪಳಗುತ್ತದೆ, ಯಂತ್ರದಲ್ಲಿ ತಯಾರಾದ ಬಟ್ಟೆಗೆ ಕೈಮಗ್ಗದ ಬೆಲೆ ತೆರುವ ಪ್ರಸಂಗವೂ ತಪ್ಪುತ್ತದೆ.

ಇನ್ನು ಆಂಟಿಗುವಾ. ಹತ್ತಿರ ಹತ್ತಿರ 230 ವರ್ಷಗಳ ಕಾಲ ಈ ಊರು ಇಂದಿನ ಮೆಕ್ಸಿಕೊದ ಚಿಯಾಪಾಸಿನಿಂದ ಕೋಸ್ಟರಿಕಾದವರೆಗೆ ಹಬ್ಬಿದ್ದ ಸ್ಪ್ಯಾನಿಷ್ ಆಡಳಿತದ ರಾಜಧಾನಿಯಾಗಿತ್ತು. ಊರಿನ ಚರಿತ್ರೆಯನ್ನು ಬರೆದವರು ಗವರ್ನರುಗಳಲ್ಲ, ಸುತ್ತಲಿನ ಬೆಟ್ಟಗಳು ಎಂದರೂ ತಪ್ಪಾಗದು. ಇದಕ್ಕೆ ಮೊದಲಿದ್ದ ರಾಜಧಾನಿ ಅಗುವಾ ಜ್ವಾಲಾಮುಖಿಯ ಬುಡದಲ್ಲಿತ್ತು. 1541ರ ಸೆಪ್ಟೆಂಬರಿನಲ್ಲಿ ಎಡೆಬಿಡದೆ ಸುರಿದ ಮಳೆಗೆ ಆ ಬೆಟ್ಟದ ಇಳಿಜಾರು ಕುಸಿದು, ಕೆಸರು ಮತ್ತು ಬಂಡೆಗಳ ಪ್ರವಾಹ ಊರನ್ನು ಮುಚ್ಚಿಹಾಕಿತು. ಗಂಡನಾದ ಗವರ್ನರ್ ಪೆದ್ರೊ ದೆ ಅಲ್ವರಾದೊ ಸತ್ತ ಬಳಿಕ ಕೆಲವೇ ದಿನಗಳ ಹಿಂದೆ ಅಧಿಕಾರ ವಹಿಸಿಕೊಂಡಿದ್ದ ಬೆಯಾತ್ರಿಸ್ ದೆ ಲಾ ಕ್ವೇವಾ ಅದರಲ್ಲಿ ಪ್ರಾಣ ಕಳೆದುಕೊಂಡಳು. 1543ರಲ್ಲಿ ಪಕ್ಕದ ಪಾಂಚೊಯ್ ಕಣಿವೆಯಲ್ಲಿ ಹೊಸ ರಾಜಧಾನಿ ನೆಲೆಗೊಂಡಿತು, ಅದೇ ಈಗಿನ ಆಂಟಿಗುವಾ. 1773ರ ಜುಲೈ 29ರಂದು ಭೂಕಂಪ ಅದನ್ನೂ ಕೆಡವಿತು. 1776ರಲ್ಲಿ ರಾಜಧಾನಿ ಈಗಿನ ಜಾಗಕ್ಕೆ ಹೋಯಿತು. ಜನರೆಲ್ಲ ಊರು ಬಿಡಬೇಕೆಂಬ ಆಜ್ಞೆಯಿದ್ದರೂ ಒಂದಷ್ಟು ಮಂದಿ ಬಿಡಲೇ ಇಲ್ಲ. ಅವರ ಹಟದಿಂದ ಊರು ಉಳಿಯಿತು, ಸರ್ಕಾರದ ಅಲಕ್ಷ್ಯದಿಂದ ಕುಸಿದ ಚರ್ಚುಗಳು ಕುಸಿದಂತೆಯೇ ಉಳಿದವು. 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಂಟಿಗುವಾದಲ್ಲಿ ಎಲ್ಲರೂ ಮುಗಿಬಿದ್ದು ಫೋಟೊ ತೆಗೆಯುವುದು ಸಾಂತಾ ಕತಲೀನಾದ ಹಳದಿ ಕಮಾನಿನೆದುರು. ಏಕಾಂತವ್ರತದ ಸನ್ಯಾಸಿನಿಯರು ಬೀದಿಯ ಜನರ ಕಣ್ಣಿಗೆ ಬೀಳದೆ ಆಚೆಬದಿಯ ಕಟ್ಟಡಕ್ಕೆ ದಾಟಲೆಂದು 17ನೆಯ ಶತಮಾನದಲ್ಲಿ ಕಟ್ಟಿದ ಮೇಲ್ದಾರಿ ಅದು. ಕಮಾನಿನ ಕೆಳಗಿನಿಂದ ಹಾಯ್ದು ಲಾ ಮೆರ್ಸೆದ್ ಚರ್ಚಿಗೆ ಬನ್ನಿ, ಏಕೆಂದರೆ ಈ ಊರಿನ ಕಟ್ಟಡಕಲೆಯ ಪಾಠವಿರುವುದು ಅಲ್ಲಿ. ಹಳದಿ ಗೋಡೆಯ ತುಂಬ ಬಿಳಿಯ ಗಾರೆಯ ಬಳ್ಳಿ, ಎಲೆ, ಹೂವು. ನೋಡುವವರು ಅದರ ಚೆಲುವಿಗೇ ಮಾರುಹೋಗುತ್ತಾರೆ. ನೀವು ಗಮನಿಸಬೇಕಾದದ್ದು ಎತ್ತರವನ್ನು. ಗಂಟೆಗೋಪುರಗಳು ಗಿಡ್ಡ, ಗೋಡೆಗಳು ಅತಿ ದಪ್ಪ, ಕಂಬಗಳು ಕುಳ್ಳು. ಹಿಂದಿನ ಕಂಪನಗಳಿಂದ ಪಾಠ ಕಲಿತ ಮೇಸ್ತ್ರಿಗಳು ಆಕಾಶಕ್ಕೆ ಏರುವ ಯೂರೋಪಿನ ಆಸೆಯನ್ನು ಕೈಬಿಟ್ಟು ನೆಲಕ್ಕೆ ಅಂಟಿಕೊಂಡು ಕಟ್ಟಿದರು. 1767ರಲ್ಲಿ ಪೂರ್ಣಗೊಂಡ ಈ ಚರ್ಚು ಆರೇ ವರ್ಷಗಳಲ್ಲಿ ಬಂದ ಮಹಾಕಂಪವನ್ನು ತಾಳಿಕೊಂಡು ನಿಂತಿತು. 1736ರ ಕಪುಚಿನಾಸ್ ಮಠವನ್ನೂ ನೋಡಿ. ಅದರ ಹಿಂಬದಿಯಲ್ಲಿ ವೃತ್ತಾಕಾರದ ಒಂದು ಅಂಗಳದ ಸುತ್ತ 18 ಪುಟ್ಟ ಕೋಣೆಗಳಿವೆ.

ಆಂಟಿಗುವಾಕ್ಕೆ ಯಾವಾಗ ಹೋಗಬೇಕೆಂದು ಕೇಳಿದರೆ ನನ್ನ ಉತ್ತರ ಈಸ್ಟರಿನ ಹಿಂದಿನ ಪವಿತ್ರ ವಾರ. ಜನಜಂಗುಳಿ ವಿಪರೀತ, ಕೋಣೆಗಳ ಬಾಡಿಗೆಯೂ ವಿಪರೀತ, ಆದರೂ ಆ ವಾರವೇ. ಯೇಸುವಿನ ಮೂರ್ತಿಯ ಮೆರವಣಿಗೆ ಸಾಗುವ ಕಲ್ಲುಹಾಸಿನ ಬೀದಿಗಳಲ್ಲಿ ಮನೆಯವರು, ನೆರೆಹೊರೆಯವರು ಸೇರಿ ಬಣ್ಣ ಹಾಕಿದ ಮರದ ಪುಡಿಯಿಂದ ನಮ್ಮ ರಂಗೋಲಿಯನ್ನು ನೆನಪಿಸುವ ಹಾಸುಗಳನ್ನು ಬಿಡಿಸುತ್ತಾರೆ. ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಕಲ್ಲುಗಳ ನಡುವಿನ ತಗ್ಗುಗಳನ್ನು ಮುಚ್ಚಲು ಮರಳನ್ನೋ ಬಣ್ಣವಿಲ್ಲದ ಮರದ ಪುಡಿಯನ್ನೋ ಹರವಿ ಹಲಗೆಯಿಂದ ಮಟ್ಟ ಮಾಡುತ್ತಾರೆ. ಅದರ ಮೇಲೆ ಕತ್ತರಿಸಿದ ರಟ್ಟಿನ ಅಚ್ಚನ್ನಿಟ್ಟು, ಜರಡಿಯಿಂದ ಒಂದೊಂದೇ ಬಣ್ಣದ ಪುಡಿಯನ್ನು ಉದುರಿಸುತ್ತಾರೆ. ತುಳಿಯಬಾರದಲ್ಲವೇ, ಅದಕ್ಕಾಗಿ ಎರಡು ಬದಿಗೆ ಆಸರೆ ಕೊಟ್ಟು ಅಡ್ಡಲಾಗಿ ಇಟ್ಟ ಹಲಗೆಯ ಮೇಲೆ ಮೊಣಕಾಲೂರಿ, ಕೆಲವೊಮ್ಮೆ ಹೊಟ್ಟೆಯ ಮೇಲೆ ಮಲಗಿ ಕೈಚಾಚಿ ಕೆಲಸ ಮಾಡುತ್ತಾರೆ. ಪುಡಿ ಗಾಳಿಗೆ ಹಾರದಂತೆ ಆಗಾಗ ನೀರು ಸಿಂಪಡಿಸುತ್ತಾರೆ. ಕೆಲವರು ಪೈನ್ ಎಲೆ, ಹೂವು, ತರಕಾರಿಗಳನ್ನೂ ಜೋಡಿಸುತ್ತಾರೆ. ಇಡೀ ರಾತ್ರಿ ನಡೆಯುವ ಈ ಕೆಲಸ ಮೆರವಣಿಗೆ ಬಂದ ಕ್ಷಣಕ್ಕೆ ಮುಗಿದುಹೋಗುತ್ತದೆ.

ಮೆರವಣಿಗೆಯ ಮೂರ್ತಿಯನ್ನು ಹೊರುವ ಮರದ ವೇದಿಕೆಗಳಲ್ಲಿ ದೊಡ್ಡವಕ್ಕೆ ಒಂದೇ ಸಲಕ್ಕೆ ನೂರರಷ್ಟು ಹೆಗಲುಗಳು ಬೇಕು. ಹೊರುವವರು ನೇರಳೆ ನಿಲುವಂಗಿ ತೊಟ್ಟು ಬರುತ್ತಾರೆ, ಶುಭ ಶುಕ್ರವಾರ ಯೇಸುವಿನ ಮರಣದ ಗಳಿಗೆಯ ಬಳಿಕ ನೇರಳೆ ಹೋಗಿ ಕಪ್ಪು ಬರುತ್ತದೆ. ಹೆಗಲು ಕೊಡಲು ಕಾಣಿಕೆ ಕಟ್ಟಿ ಸರದಿ ಚೀಟಿ ಪಡೆಯಬೇಕು, ಭಾರ ಸಮನಾಗಿ ಬೀಳಲೆಂದು ಆಳೆತ್ತರ ನೋಡಿ ಜಾಗ ನಿಗದಿ ಮಾಡುತ್ತಾರೆ. ಒಂದು ಬೀದಿಯ ತುದಿಯಿಂದ ಇನ್ನೊಂದು ತುದಿಗೆ ಒಂದು ಸರದಿ. ಹಿಂದೆ ಶೋಕಗೀತೆ ನುಡಿಸುವ ಬ್ಯಾಂಡು, ಅದರ ಹಿಂದೆ ಪೊರಕೆ ಹಿಡಿದ ಪೌರಕಾರ್ಮಿಕರು. 2022ರಲ್ಲಿ ಗ್ವಾಟೆಮಾಲಾದ ಪವಿತ್ರ ವಾರ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಆ ಹೊತ್ತಿಗೆ ಹೋಗಲಾಗದವರು ನವೆಂಬರ್ 1ರಂದು ಸಮೀಪದ ಸುಂಪಾಂಗೊ ಅಥವಾ ಸಾಂತಿಯಾಗೊ ಸಕತೆಪೆಕೆಸ್ ಊರಿಗೆ ಹೋಗಬಹುದು. ಗತಿಸಿದವರ ನೆನಪಿನ ಆ ದಿನ ಬಿದಿರು ಮತ್ತು ತೆಳುಕಾಗದದಿಂದ ಮಾಡಿದ ದೈತ್ಯ ಗಾಳಿಪಟಗಳನ್ನು ಎತ್ತಿ ನಿಲ್ಲಿಸುತ್ತಾರೆ.

ಆಂಟಿಗುವಾದಿಂದ ಪಶ್ಚಿಮದ ಬೆಟ್ಟಗಳ ದಾರಿ ಹಿಡಿದಾಗ ತೆಕ್ಪಾನ್ ಊರಿನ ಬಳಿ ಇಶಿಮ್‌ಚೆ ಸಿಗುತ್ತದೆ. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಮಾಯಾ ಪಂಗಡಗಳಲ್ಲೊಂದಾದ ಕಕ್ಚಿಕೆಲ್ ಜನರ ರಾಜಧಾನಿಯಾಗಿದ್ದ ಇಲ್ಲಿಯೇ 1524ರಲ್ಲಿ ಸ್ಪ್ಯಾನಿಷರು ತಮ್ಮ ಮೊದಲ ರಾಜಧಾನಿಯನ್ನು ಘೋಷಿಸಿದರು. ಮೊದಲು ಅವರ ಜೊತೆ ಸ್ನೇಹದಿಂದಿದ್ದ ಕಕ್ಚಿಕೆಲ್‌ಗಳು ಕಪ್ಪದ ಹಾವಳಿ ತಾಳಲಾರದೆ ದಂಗೆಯೆದ್ದರು. ಕಟ್ಟಡಗಳಾಗಿ ಇಲ್ಲಿರುವುದು ತಗ್ಗಾದ ಜಗಲಿಗಳು ಮಾತ್ರ, ಆದರೆ ಹಿಂಭಾಗದ ಪೈನ್ ಮರಗಳ ನಡುವೆ ಇಂದಿಗೂ ಬೆಂಕಿಯ ಪೂಜೆಗಳು ನಡೆಯುತ್ತವೆ. 2007ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಈ ಸ್ಥಳ ನೋಡಿ ಹೋದ ಮೇಲೆ ಮಾಯಾ ಪುರೋಹಿತರು ಬಂದು ಶುದ್ಧೀಕರಣದ ವಿಧಿ ನಡೆಸಿದರು. ಯಾರಿಗೂ ಬೇಡವಾದ ಪಾಳುಜಾಗಕ್ಕೆ ಯಾರೂ ಶುದ್ಧಿ ಮಾಡುವುದಿಲ್ಲ ಎಂಬುದನ್ನು ಗಮನಿಸಿ.

ಚಿಚಿಕಾಸ್ತೆನಾಂಗೊ ಎಂಬ ಉದ್ದ ಹೆಸರಿನ ಊರನ್ನು ಅಲ್ಲಿಯವರೂ ಚಿಚಿ ಎಂದೇ ಕರೆಯುತ್ತಾರೆ. ಗುರುವಾರ ಮತ್ತು ಭಾನುವಾರ ಇಲ್ಲಿ ದೊಡ್ಡ ಸಂತೆ. ಸಂತೆಗೆ ಹೊಂದಿಕೊಂಡಿರುವ ಸಾಂತೊ ತೊಮಾಸ್ ಚರ್ಚಿನ ಮುಂದೆ 18 ಮೆಟ್ಟಿಲುಗಳಿವೆ. ಮಾಯಾ ವರ್ಷದ ತಲಾ 20 ದಿನಗಳ 18 ತಿಂಗಳುಗಳಿಗೆ ಅವು ಸಲ್ಲುತ್ತವೆ ಎಂದು ಹೇಳುತ್ತಾರೆ. ಮೆಟ್ಟಿಲ ಮೇಲೆ ಹೂ ಮಾರುವವರು, ಮೇಲ್ತುದಿಯಲ್ಲಿ ಕೊಪಾಲ್ ಎಂಬ ಮರದಂಟಿನ ಧೂಪ ಹಾಕುತ್ತ ಮಾಯಾ ಭಾಷೆಗಳಲ್ಲೊಂದಾದ ಕಿಚೆಯಲ್ಲಿ ಪ್ರಾರ್ಥಿಸುವವರು. ಒಳಗೆ ನಡುಹಾದಿಯ ಉದ್ದಕ್ಕೂ ನೆಲಮಟ್ಟದ ಪೀಠಗಳ ಮೇಲೆ ಮೇಣದಬತ್ತಿ, ಹೂವಿನ ಎಸಳು, ಒಂದು ಗುಟುಕು ಸಾರಾಯಿಯ ನೈವೇದ್ಯ. ದೂರದ ಬಲಿಪೀಠದಲ್ಲಿ ಕ್ಯಾಥೊಲಿಕ್ ಪಾದ್ರಿಯ ಪೂಜೆ. ಎರಡೂ ಒಂದೇ ಸೂರಿನಡಿ ನಡೆಯುತ್ತವೆ. ಪ್ರವಾಸಿಗಳು ಮುಂಬಾಗಿಲಿನ ಮೆಟ್ಟಿಲು ತುಳಿಯದೆ ಪಕ್ಕದ ಬಾಗಿಲಿನಿಂದ ಒಳಹೋಗಬೇಕು, ಒಳಗೆ ಕ್ಯಾಮೆರಾ ತೆಗೆಯಕೂಡದು. ಇದನ್ನು ಮೀರುವ ವಿದೇಶಿಗಳು ಇದ್ದೇ ಇರುತ್ತಾರೆ. ದಯವಿಟ್ಟು ನೀವು ಆ ಗುಂಪಿಗೆ ಸೇರಬೇಡಿ.

ಈ ಚರ್ಚಿನ ಜೊತೆ ಸೇರಿಕೊಂಡಿರುವ ಇನ್ನೊಂದು ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಮಾಯಾ ಜನರು ಅಂಜೂರ ಜಾತಿಯ ಮರದ ತೊಗಟೆಯ ಕಾಗದದ ಮೇಲೆ ಬರೆದ ಪುಸ್ತಕಗಳನ್ನು ಸ್ಪ್ಯಾನಿಷ್ ಪಾದ್ರಿಗಳು ಸುಟ್ಟುಹಾಕಿದರು. ಇಡೀ ಪ್ರಪಂಚದಲ್ಲಿ ಈಗ ಉಳಿದಿರುವುದು ನಾಲ್ಕೇ ನಾಲ್ಕು. ಆದರೆ 16ನೆಯ ಶತಮಾನದ ನಡುವಿನಲ್ಲಿ ಕಿಚೆ ಪಂಡಿತರು ತಮ್ಮ ಸೃಷ್ಟಿಕಥೆಯನ್ನೂ ಅರಸರ ವಂಶಾವಳಿಯನ್ನೂ ಹೊಸದಾಗಿ ಕಲಿತ ಲ್ಯಾಟಿನ್ ಲಿಪಿಯಲ್ಲಿ ತಮ್ಮದೇ ಭಾಷೆಯಲ್ಲಿ ಬರೆದಿಟ್ಟರು. ಅದೇ ಪೊಪೊಲ್ ವುಹ್. ದೇವತೆಗಳು ಮನುಷ್ಯರನ್ನು ಮೊದಲು ಮಣ್ಣಿನಿಂದ, ಆಮೇಲೆ ಮರದಿಂದ ಮಾಡಿ ಎರಡು ಸಲವೂ ಸೋತು, ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿ ಗೆದ್ದ ಕಥೆ ಅದರಲ್ಲಿದೆ. 1701 ಮತ್ತು 1703ರ ನಡುವೆ ಈ ಊರಿನ ಪಾದ್ರಿಯಾಗಿದ್ದ ಫ್ರಾನ್ಸಿಸ್ಕೊ ಹಿಮೆನೆಸ್ ಮೂಲವನ್ನು ಒಂದು ಪಕ್ಕದಲ್ಲಿಯೂ ಸ್ಪ್ಯಾನಿಷ್ ಅನುವಾದವನ್ನು ಇನ್ನೊಂದು ಪಕ್ಕದಲ್ಲಿಯೂ ನಕಲು ಮಾಡಿಕೊಂಡ. ಮೂಲ ಕಳೆದುಹೋಗಿದೆ, ಪಾದ್ರಿಯ ನಕಲು ಉಳಿದಿದೆ. ಅದನ್ನು ನೋಡಬೇಕೆನ್ನುವವರು ಚಿಚಿಗಲ್ಲ, ಷಿಕಾಗೊದ ನ್ಯೂಬೆರಿ ಗ್ರಂಥಾಲಯಕ್ಕೆ ಹೋಗಬೇಕು.

ಈ ಬೆಟ್ಟದ ಸೀಮೆಯಲ್ಲಿ 260 ದಿನಗಳ ಪುರಾತನ ಪಂಚಾಂಗ ಈಗಲೂ ಬಳಕೆಯಲ್ಲಿದೆ. 13 ಅಂಕಿಗಳೂ 20 ದಿನನಾಮಗಳೂ ಒಂದಕ್ಕೊಂದು ಕೂಡಿ ಸುತ್ತುತ್ತ 260 ದಿನಕ್ಕೊಮ್ಮೆ ಮೊದಲ ಜೋಡಿಗೆ ಮರಳುತ್ತವೆ. ಈ ಲೆಕ್ಕವನ್ನು ಬಲ್ಲ ದಿನಗಣಕರ ಬಳಿಗೆ ಜನರು ಮದುವೆ, ಪ್ರಯಾಣ, ಕಾಯಿಲೆಗಳ ವಿಚಾರ ಕೇಳಲು ಹೋಗುತ್ತಾರೆ. ಗಣಕ ಚೀಲದಿಂದ ಒಂದು ಹಿಡಿ ಕೆಂಪು ಬೀಜಗಳನ್ನು ತೆಗೆದು, ಬಟ್ಟೆಯ ಮೇಲೆ ಸಣ್ಣ ಸಣ್ಣ ಗುಂಪುಗಳಾಗಿ ಸಾಲಿಡುತ್ತ, ಪ್ರತಿ ಗುಂಪಿಗೂ ಒಂದೊಂದು ದಿನದ ಹೆಸರು ಹೇಳುತ್ತ ಎಣಿಸಿಕೊಂಡು ಹೋಗುತ್ತಾನೆ. ಲೆಕ್ಕ ಯಾವ ದಿನದ ಮೇಲೆ ನಿಲ್ಲುತ್ತದೆಯೋ ಅದೇ ಉತ್ತರದ ದಿಕ್ಕು. ನಿಮ್ಮಲ್ಲಿ ಮಲೆನಾಡಿನವರಿದ್ದರೆ ಆ ಬೀಜ ಹೊಸದೇನಲ್ಲ. ಕಾಫಿ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸಲೂ ಬೆಳೆಸುವ ಹಾಲುವಾಣದ ಕುಲದ್ದೇ ಮರ ಅದು.

ಅತಿತ್ಲಾನ್ ಸರೋವರದ ಸೌಂದರ್ಯವನ್ನು ಹೊಗಳುವ ಬರಹಗಳಿಗೆ ಕೊರತೆಯಿಲ್ಲ, ನಾನು ಅದಕ್ಕೆ ಇನ್ನೊಂದನ್ನು ಸೇರಿಸುವುದಿಲ್ಲ. ಸುಮಾರು 80,000 ವರ್ಷಗಳ ಹಿಂದಿನ ಮಹಾಸ್ಫೋಟದ ಕುಳಿಯಲ್ಲಿ ನಿಂತ ನೀರು, ದಂಡೆಯಲ್ಲಿ ಮೂರು ಜ್ವಾಲಾಮುಖಿಗಳು, ಸುತ್ತ ಕಕ್ಚಿಕೆಲ್ ಮತ್ತು ತ್ಸುತುಹಿಲ್ ಭಾಷಿಕರ ಹಳ್ಳಿಗಳು ಎಂದಷ್ಟು ಹೇಳಿ ಸಾನ್ ಹುವಾನ್ ಲಾ ಲಗೂನಾದ ನೇಕಾರ ಹೆಂಗಸರ ಬಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಅವರ ಮಗ್ಗಕ್ಕೆ ಚೌಕಟ್ಟಿಲ್ಲ. ಹಾಸಿನ, ಅಂದರೆ ಉದ್ದನೆಯ ಎಳೆಗಳ ಒಂದು ತುದಿಯನ್ನು ಕಂಬಕ್ಕೋ ಮರಕ್ಕೋ ಕಟ್ಟಿರುತ್ತಾರೆ, ಇನ್ನೊಂದು ತುದಿ ನೇಯುವವಳ ಸೊಂಟವನ್ನು ಬಳಸಿದ ಪಟ್ಟಿಗೆ ಸೇರಿರುತ್ತದೆ. ಅವಳು ತುಸು ಹಿಂದಕ್ಕೆ ಒರಗಿದರೆ ಎಳೆಗಳು ಬಿಗಿಯುತ್ತವೆ, ಮುಂದಕ್ಕೆ ಬಾಗಿದರೆ ಸಡಿಲವಾಗಿ ಅಡ್ಡ ಎಳೆಯಾದ ಹೊಕ್ಕಿಗೆ ದಾರಿಬಿಡುತ್ತವೆ. ಹೊಕ್ಕಿನ ನೂಲನ್ನು ದಾಟಿಸಿ, ನುಣುಪಾದ ಗಟ್ಟಿಮರದ ಅಲಗಿನಿಂದ ತನ್ನ ಕಡೆಗೆ ಬಡಿದು ಕೂರಿಸುತ್ತಾಳೆ. ಚಿತ್ತಾರದ ಎಳೆಗಳನ್ನು ಪ್ರತಿ ಸಾಲಿನಲ್ಲೂ ಬೆರಳಿನಿಂದಲೇ ಎತ್ತಿ ಸೇರಿಸಬೇಕು. ಬಟ್ಟೆಯ ಅಗಲ ನೇಯುವವಳ ಮೈಯಳತೆಯನ್ನು ಮೀರದು, ಹೀಗಾಗಿ ಎರಡು ಮೂರು ಪಟ್ಟಿಗಳನ್ನು ಜೋಡಿಸಿ ಹೊಲಿದರೆ ಒಂದು ವಿಪಿಲ್. ಇಂತಹ ಒಂದು ಅಂಗಿಗೆ ತಿಂಗಳುಗಳೇ ಹಿಡಿಯುತ್ತವೆ. ಗಿಡದಲ್ಲಿಯೇ ಕಂದು ಬಣ್ಣದಲ್ಲಿ ಬಿಡುವ ಒಂದು ಬಗೆಯ ಹತ್ತಿಯನ್ನೂ ಅಲ್ಲಿ ನೂಲುತ್ತಾರೆ. ಪೆಡಲು ತುಳಿಯುವ ಮಗ್ಗ ಸ್ಪ್ಯಾನಿಷರ ಜೊತೆ ಬಂದದ್ದು, ಅದನ್ನು ಗಂಡಸರು ಹಿಡಿದರು. ಸೊಂಟದ ಮಗ್ಗ ಹೆಂಗಸರದಾಗಿಯೇ ಉಳಿಯಿತು.

ಸರೋವರದ ಆಚೆ ದಂಡೆಯ ಸಾಂತಿಯಾಗೊ ಅತಿತ್ಲಾನಿನಲ್ಲಿ ಹೆಂಗಸರು ಉದ್ದನೆಯ ಕೆಂಪು ಪಟ್ಟಿಯನ್ನು ತಲೆಯ ಸುತ್ತ ಸುತ್ತಿಕೊಳ್ಳುವ ಪದ್ಧತಿಯಿದೆ. 25 ಸೆಂಟಾವೊ ನಾಣ್ಯದ ಮೇಲೆ ಅಚ್ಚಾಗಿರುವ ಹೆಣ್ಣಿನ ಮುಖ ಈ ಊರಿನದು. ಇಲ್ಲಿಯ ಮಾಶಿಮೋನ್ ಎಂಬ ಮರದ ದೈವವನ್ನು ಚರ್ಚಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಧಾರ್ಮಿಕ ಕೂಟದ ಸದಸ್ಯರೊಬ್ಬರ ಮನೆಯಲ್ಲಿರುತ್ತಾನೆ, ವರ್ಷಕ್ಕೊಮ್ಮೆ ಮನೆ ಬದಲಾಗುತ್ತದೆ. ತಲೆಗೆ ಟೋಪಿ, ಕೊರಳಲ್ಲಿ ರೇಷ್ಮೆಯ ಶಾಲುಗಳ ರಾಶಿ, ಬಾಯಲ್ಲಿ ಉರಿಯುವ ಚುಟ್ಟಾ. ಭಕ್ತರು ತಂದ ಸಾರಾಯಿಯನ್ನು ಸೇವಕರು ಅವನ ಬಾಯಿಗೆ ಹುಯ್ಯುತ್ತಾರೆ. ಕಾಣಿಕೆ ಕೊಟ್ಟು ನೋಡಬಹುದು. ನಗು ಬಂದರೆ ತಡೆದುಕೊಳ್ಳಿ, ಪಕ್ಕದಲ್ಲಿ ಮಗುವಿನ ಕಾಯಿಲೆಗೆ ಹರಕೆ ಹೊತ್ತ ತಾಯಿ ಕೂತಿರಬಹುದು.

ಇದೇ ಊರಿನಲ್ಲಿ ಇನ್ನೊಂದು ಚರಿತ್ರೆಯ ಗುರುತುಗಳೂ ಇವೆ. 1960ರಿಂದ 1996ರವರೆಗೆ ಸೈನ್ಯಕ್ಕೂ ಗೆರಿಲ್ಲಾಗಳಿಗೂ ನಡೆದ ಅಂತರ್ಯುದ್ಧದಲ್ಲಿ ಸತ್ತವರೂ ಕಾಣೆಯಾದವರೂ ಸೇರಿ 2,00,000ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ಅಂದಾಜು ಮಾಡಿತು. ಗುರುತು ಸಿಕ್ಕ ಬಲಿಪಶುಗಳಲ್ಲಿ ಶೇಕಡಾ 83 ಮಂದಿ ಮಾಯಾ ಜನ. ಸಾಂತಿಯಾಗೊದ ಚರ್ಚಿನಲ್ಲಿ ಪಾದ್ರಿಯಾಗಿದ್ದ ಅಮೆರಿಕದ ಸ್ಟ್ಯಾನ್ಲಿ ರಾದರ್ 1981ರಲ್ಲಿ ಕೊಲೆಯಾದರು, ಅವರ ಹೃದಯವನ್ನು ಅಲ್ಲಿಯೇ ಹೂಳಲಾಗಿದೆ. 1990ರ ಡಿಸೆಂಬರ್ 2ರಂದು ಆಯುಧವಿಲ್ಲದ ಜನರ ಗುಂಪಿನ ಮೇಲೆ ಸೈನಿಕರು ಗುಂಡು ಹಾರಿಸಿ 13 ಮಂದಿಯನ್ನು ಕೊಂದಾಗ ಊರಿಗೆ ಊರೇ ಒಟ್ಟಾಗಿ ನಿಂತು ಸೈನ್ಯ ಅಲ್ಲಿಂದ ತೆರಳುವಂತೆ ಮಾಡಿತು. ಆ ಜಾಗ ಈಗ ಶಾಂತಿ ಉದ್ಯಾನ. ಪ್ರವಾಸದ ಉಪನ್ಯಾಸದಲ್ಲಿ ಇದೆಲ್ಲ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಾಯಾ ಜನರ ಹಿರಿಯರ ಗುಡಿಗಳನ್ನು ಮೆಚ್ಚಿ, ಅವರ ಮೊಮ್ಮಕ್ಕಳಿಗೆ ಏನಾಯಿತೆಂದು ಕೇಳದೆ ಬರುವುದು ನನ್ನ ದೃಷ್ಟಿಯಲ್ಲಿ ಅರ್ಧ ಪ್ರವಾಸ.

ಬೆಟ್ಟದಿಂದ ಉತ್ತರಕ್ಕೆ ಇಳಿಯುವಾಗ ಬಾಹಾ ವೆರಪಾಸ್ ಪ್ರಾಂತದ ರಬಿನಾಲ್ ಇದೆ. ಇಬ್ಬರು ವೀರರ ಕಲಹ, ಸೆರೆ, ವಿಚಾರಣೆ ಮತ್ತು ಮರಣದಂಡನೆಯನ್ನು ಆಡಿ ತೋರಿಸುವ ರಬಿನಾಲ್ ಅಚಿ ಎಂಬ ನೃತ್ಯನಾಟಕ ಸ್ಪ್ಯಾನಿಷರು ಬರುವ ಮೊದಲಿನ ಕಾಲದ್ದು. ಮುಖವಾಡ, ಟೊಳ್ಳುಮರದ ನಗಾರಿ ಮತ್ತು ತುತ್ತೂರಿಗಳೊಂದಿಗೆ ಜನವರಿ 25ರ ಊರಹಬ್ಬದ ಆಸುಪಾಸಿನಲ್ಲಿ ಅದನ್ನು ಆಡುತ್ತಾರೆ. ಚಿಶೊಯ್ ಅಣೆಕಟ್ಟಿಗಾಗಿ ಊರು ಬಿಡಲೊಪ್ಪದ ರಿಯೊ ನೆಗ್ರೊ ಹಳ್ಳಿಯ 70 ಹೆಂಗಸರನ್ನೂ 107 ಮಕ್ಕಳನ್ನೂ 1982ರ ಮಾರ್ಚ್ 13ರಂದು ಕೊಂದದ್ದು ಇದೇ ಸೀಮೆಯಲ್ಲಿ. ಆ ಬಲಿಗಳ ಭಾವಚಿತ್ರಗಳನ್ನು ರಬಿನಾಲಿನ ಸಮುದಾಯ ಸಂಗ್ರಹಾಲಯದಲ್ಲಿ ನೋಡಬಹುದು.

ಇನ್ನೂ ಉತ್ತರದ ಕೊಬಾನ್ ಸುತ್ತಮುತ್ತ ಹೋದವರಿಗೆ ಬೇರೆಯೇ ಒಂದು ಆಶ್ಚರ್ಯ ಕಾದಿರುತ್ತದೆ. ಮಂಜು, ಜಿನುಗು ಮಳೆ, ಮರಗಳ ನೆರಳಿನಲ್ಲಿ ಏಲಕ್ಕಿ! ನಮ್ಮ ಪಶ್ಚಿಮ ಘಟ್ಟದ ಈ ಗಿಡವನ್ನು 1914ರಲ್ಲಿ ಕ್ಲೋಫರ್ ಎಂಬ ಜರ್ಮನ್ ತೋಟಗಾರ ಅಲ್ಲಿಗೆ ಕೊಂಡೊಯ್ದ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಗ್ವಾಟೆಮಾಲಾ, ಸಕಲೇಶಪುರದ ಬೆಳೆಗಾರನ ಬೆಲೆಯನ್ನೂ ಅಲ್ಲಿಯ ಫಸಲು ಅಲುಗಾಡಿಸುತ್ತದೆ. ಬೆಳೆಯುವವರಲ್ಲಿ ಹೆಚ್ಚಿನವರು ಕೆಕ್ಚಿ ಭಾಷೆಯ ಸಣ್ಣ ರೈತರು. ಆದರೆ ಅವರ ಅಡುಗೆಯಲ್ಲಿ ಏಲಕ್ಕಿಗೆ ಜಾಗವೇ ಇಲ್ಲ, ಮಾಲಿನ ಬಹುಪಾಲು ಅರಬ್ ದೇಶಗಳ ಕಾಫಿಗೆ ಹೋಗುತ್ತದೆ.

ಈಗ ಕಲ್ಲುಗಳ ಬಳಿಗೆ ಬರೋಣ. ಮೊದಲು ದೇಶದ ಪೂರ್ವಕ್ಕಿರುವ ಕಿರಿಗುವಾ. ಬಾಳೆತೋಟಗಳ ನಡುವಿನ ಸಣ್ಣ ಉದ್ಯಾನದಲ್ಲಿ ಶಾಸನಗಂಬಗಳು ಹುಲ್ಲುಚಾವಣಿಯಡಿ ನಿಂತಿವೆ. ಕ್ರಿ.ಶ. 771ರ ‘ಇ’ ಎಂಬ ಕಂಬ ನೆಲದೊಳಗಿನ ಭಾಗವೂ ಸೇರಿ 10.6 ಮೀಟರ್ ಉದ್ದದ ಒಂದೇ ಮರಳುಗಲ್ಲು. ಇದನ್ನು ನಿಲ್ಲಿಸಿದ ಕಾಕ್ ತಿಲಿವ್ ಚಾನ್ ಯೊಪಾತ್ ಮೊದಲಿಗೆ ಈಗಿನ ಹೊಂಡುರಾಸಿನಲ್ಲಿರುವ ಕೊಪಾನ್ ಅರಸನ ಸಾಮಂತನಾಗಿದ್ದ. 738ರಲ್ಲಿ ಆ ಒಡೆಯನನ್ನೇ ಸೆರೆಹಿಡಿದು ತಲೆ ಕಡಿಸಿದ. ಆ ಬಳಿಕವೇ ಈ ಪುಟ್ಟ ಊರಿನಲ್ಲಿ ಇಷ್ಟು ಎತ್ತರದ ಕಂಬಗಳು ಎದ್ದದ್ದು. ‘ಸಿ’ ಎಂಬ ಕಂಬದಲ್ಲಿ ಈಗಿನ ಲೋಕ ಆರಂಭವಾದ ದಿನದ ಉಲ್ಲೇಖವಿದೆ, ನಮ್ಮ ಲೆಕ್ಕದಲ್ಲಿ ಅದು ಕ್ರಿ.ಪೂ. 3114.

ಇದನ್ನೆಲ್ಲ ಓದಲು ಸಾಧ್ಯವಾದದ್ದು ತೀರ ಈಚೆಗೆ. 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಸೊವ್ ಮಾಯಾ ಲಿಪಿಯಲ್ಲಿ ಉಚ್ಚಾರದ ಅಕ್ಷರಗಳಿವೆ ಎಂದು ತೋರಿಸಿದರು. 1960ರಲ್ಲಿ ತಾತಿಯಾನಾ ಪ್ರೊಸ್ಕೂರಿಯಾಕಾಫ್ ಎಂಬ ವಿದುಷಿ ಗ್ವಾಟೆಮಾಲಾದ್ದೇ ಆದ ಪಿಯೆದ್ರಾಸ್ ನೆಗ್ರಾಸ್ ಶಾಸನಗಳ ತಾರೀಖುಗಳನ್ನು ಜೋಡಿಸಿ, ಅವು ಬರಿಯ ಗ್ರಹಗತಿಯ ಲೆಕ್ಕವಲ್ಲ, ಅರಸರ ಹುಟ್ಟು, ಪಟ್ಟ ಮತ್ತು ಸಾವಿನ ದಿನಗಳು ಎಂದು ಸಾಧಿಸಿದರು. ಶಾಸನಗಳ ಭಾಷೆಗೆ ಅತ್ಯಂತ ಹತ್ತಿರದ್ದಾದ ಚೊರ್ತಿಯನ್ನು ಪೂರ್ವ ಗ್ವಾಟೆಮಾಲಾದ ಹಳ್ಳಿಗಳಲ್ಲಿ ಇಂದಿಗೂ ಆಡುತ್ತಾರೆ. ಕಣ್ಮರೆಯ ಮಾತನ್ನು ನಾನು ಒಪ್ಪದಿರುವುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಕಿರಿಗುವಾದ ತನಕ ಬಂದವರು ಕೆರಿಬಿಯನ್ ತೀರದ ಲಿವಿಂಗ್‌ಸ್ಟನ್‌ಗೂ ಹೋಗಬಹುದು. ದೋಣಿಯಲ್ಲಿಯೇ ತಲುಪಬೇಕಾದ ಆ ಊರಿನ ಗರಿಫುನಾ ಜನರು 1797ರಲ್ಲಿ ಬ್ರಿಟಿಷರು ಸೇಂಟ್ ವಿನ್ಸೆಂಟ್ ದ್ವೀಪದಿಂದ ಗಡೀಪಾರು ಮಾಡಿದವರ ಸಂತತಿ.

ಕೊನೆಗೆ ಪೆತೆನ್. ರಾಜಧಾನಿಯಿಂದ ಫ್ಲೋರೆಸ್‌ಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ಸರೋವರದ ನಡುವಿನ ಈ ದ್ವೀಪ ಮಾಯಾ ಪಂಗಡಗಳಲ್ಲೊಂದಾದ ಇತ್ಸಾ ಜನರ ಅರಸರ ರಾಜಧಾನಿಯಾಗಿತ್ತು. ಸ್ಪ್ಯಾನಿಷರು ಅದನ್ನು ಹಿಡಿದದ್ದು 1697ರ ಮಾರ್ಚ್ 13ರಂದು, ಅಂದರೆ ಇಶಿಮ್‌ಚೆಗೆ ಕಾಲಿಟ್ಟು 173 ವರ್ಷಗಳಾದ ಮೇಲೆ.

ಟಿಕಾಲಿನ ರಾಷ್ಟ್ರೀಯ ಉದ್ಯಾನ 1955ರದು, 1979ರಲ್ಲಿ ಅದು ಪ್ರಕೃತಿ ಮತ್ತು ಸಂಸ್ಕೃತಿ ಎರಡೂ ಕಾರಣಗಳಿಗಾಗಿ ವಿಶ್ವ ಪರಂಪರೆಯ ತಾಣವಾಯಿತು. ಮಹಾಚೌಕದ ಮೊದಲನೆಯ ಗುಡಿ ಸುಮಾರು 47 ಮೀಟರ್ ಎತ್ತರ. 682ರಲ್ಲಿ ಪಟ್ಟವೇರಿದ ಹಸಾವ್ ಚಾನ್ ಕವೀಲನ ಸಮಾಧಿ ಅದರ ಅಡಿಯಲ್ಲಿ 1962ರಲ್ಲಿ ಸಿಕ್ಕಿತು. ಬಹುಕಾಲದ ಶತ್ರುವಾದ ಕಲಕ್ಮುಲ್ ರಾಜ್ಯವನ್ನು 695ರಲ್ಲಿ ಸೋಲಿಸಿದವನು ಇವನು. ಈ ಗುಡಿಯನ್ನು ಹತ್ತಲು ಬಿಡುವುದಿಲ್ಲ. ಸುಮಾರು 65 ಮೀಟರ್ ಎತ್ತರದ ನಾಲ್ಕನೆಯ ಗುಡಿಗೆ ಮರದ ಮೆಟ್ಟಿಲುಗಳಿವೆ. ಗುಡಿಗಳ ಬಾಗಿಲ ಮೇಲಿನ ಕೆತ್ತನೆಯ ತೊಲೆಗಳನ್ನು ನಮ್ಮ ತೋಟಗಳಲ್ಲಿ ಹಣ್ಣಿಗಾಗಿ ಬೆಳೆಸುವ ಸಪೋಟ ಮರದಿಂದಲೇ ಮಾಡಿದ್ದರು. ಆ ಮರದ ತವರು ಅದೇ ಸೀಮೆ. 1,100ಕ್ಕೂ ಹೆಚ್ಚು ವರ್ಷಗಳ ಮಳೆ ಮತ್ತು ಗೆದ್ದಲನ್ನು ತಾಳಿಕೊಂಡ ತೊಲೆಗಳಲ್ಲಿ ಅತ್ಯುತ್ತಮವಾದವು 1877ರಲ್ಲಿ ಸ್ವಿಟ್ಜರ್ಲೆಂಡಿಗೆ ಸಾಗಿಹೋದವು, ಈಗ ಬಾಸೆಲ್ ನಗರದ ಸಂಗ್ರಹಾಲಯದಲ್ಲಿವೆ.

ಟಿಕಾಲಿನಲ್ಲಿ ಮಾರ್ಗದರ್ಶಿಗಳು ಬೇಗ ದಾಟಿಸಿಬಿಡುವ ತಗ್ಗುಗಳನ್ನು ನಿಂತು ನೋಡಿ. ಹತ್ತಿರದಲ್ಲೆಲ್ಲೂ ನದಿಯಿಲ್ಲದ ನಗರ ಅದು. ಗಾರೆ ಬಳಿದ ಚೌಕಗಳನ್ನು ಓರೆಯಾಗಿ ಕಟ್ಟಿ, ಬಿದ್ದ ಮಳೆಯನ್ನೆಲ್ಲ ಕೆರೆಗಳಿಗೆ ಹರಿಸಿ ಬೇಸಿಗೆ ಕಳೆಯುತ್ತಿದ್ದರು. ಒಂದು ಕೆರೆಯಲ್ಲಿ ನೀರು ಸೋಸಲೆಂದು ದೂರದಿಂದ ತಂದ ಜಿಯೊಲೈಟ್ ಖನಿಜ ಬಳಸಿದ್ದ ಕುರುಹುಗಳನ್ನು ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಇಲ್ಲಿಯ ಕೊನೆಯ ತಾರೀಖಿನ ಕಂಬ 869ರದು. ಆಮೇಲೆ ಜನ ನಗರ ಬಿಟ್ಟರು, ಆದರೆ ಸೀಮೆಯೇ ಬರಿದಾಗಲಿಲ್ಲ. ಈಗಲೂ ಪುರೋಹಿತರು ಬಂದು ಮಹಾಚೌಕದಲ್ಲಿ ಬೆಂಕಿ ಹೊತ್ತಿಸಿ ಪೂಜೆ ಮಾಡುತ್ತಾರೆ. ಚಿಚಿಯಲ್ಲಿ ಕೊಪಾಲಿನ ಘಮ ಹೀರಿ ಬಂದ ನಿಮಗೆ ಅಲ್ಲಿ ಏನು ನಡೆಯುತ್ತಿದೆಯೆಂದು ಯಾರೂ ವಿವರಿಸಬೇಕಾಗಿಲ್ಲ.

ಲೇಸರ್ ಕಿರಣದಿಂದ ಕಾಡಿನಡಿಯ ನೆಲವನ್ನು ಅಳೆದವರು ಪೆತೆನಿನಲ್ಲಿ 60,000ಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿದ್ದನ್ನು 2018ರಲ್ಲಿ ತಿಳಿಸಿದರು. ಅವುಗಳಲ್ಲಿ ಬಹುತೇಕ ಪ್ರವಾಸಿಗಳಿಗೆ ಎಟಕುವಂಥವಲ್ಲ. ಎಟಕುವ ಒಂದು ಎಲ್ ಮಿರಾದೊರ್. ಟಿಕಾಲಿನ ವೈಭವಕ್ಕಿಂತ ಎಷ್ಟೋ ಶತಮಾನ ಮೊದಲಿನ ಆ ನಗರದ ಲಾ ದಾಂತಾ ಪಿರಮಿಡ್ಡು ಸುಮಾರು 72 ಮೀಟರ್ ಎತ್ತರವಿದೆ. ಕಾರ್ಮೆಲಿತಾ ಎಂಬ ಹಳ್ಳಿಯಿಂದ ಹೇಸರಗತ್ತೆಯ ಮೇಲೆ ಸಾಮಾನು ಹೇರಿ, ಹೋಗಲು ಎರಡು ದಿನ ಬರಲು ಎರಡು ದಿನ ಕಾಡಿನಲ್ಲಿ ನಡೆಯಬೇಕು. ಮೊಣಕಾಲು ಗಟ್ಟಿಯಿದ್ದವರು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಹೋಗಿ, ಹಳ್ಳಿಯ ಸಹಕಾರ ಸಂಘದ ಮಾರ್ಗದರ್ಶಿಗಳನ್ನೇ ಗೊತ್ತುಮಾಡಿಕೊಳ್ಳಿ. ಮಳೆಗಾಲದಲ್ಲಿ ಆ ದಾರಿಯ ಕೆಸರಿನಲ್ಲಿ ಹೇಸರಗತ್ತೆಗಳೇ ಹೂತುಕೊಳ್ಳುತ್ತವೆ.